ಪಾಂಪೆ ನೋಡುವ ಆಸೆ ಚಿಕ್ಕಂದಿನದು: ರೋಮ್‌ನಿಂದ ಒಂದೇ ದಿನ ಹೋಗಿ ಬಂದರೆ ಸಾಕಾ?

ದುರ್ಗದವಳು

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್‌ನಲ್ಲಿ ಆಫೀಸ್ ಕೆಲಸಕ್ಕೆ ಮಿಲಾನ್‌ಗೆ ಹೋಗಬೇಕಾಗಿದೆ. ಕೆಲಸ ಮುಗಿದ ಮೇಲೆ ಒಂದಷ್ಟು ದಿನ ರಜೆ ಹಾಕಿದ್ದೇನೆ. ಅಮ್ಮನೂ ಜೊತೆಗೆ ಬರುತ್ತಿದ್ದಾರೆ (ವೀಸಾ ಆಗಿದೆ, ಆ ಕಥೆ ಈಗ ಬೇಡ). ವೆನಿಸ್ ಬೇಡ, ಪೀಸಾ ಗೋಪುರ ಬೇಡ, ಶಾಪಿಂಗ್ ಅಂತೂ ಬೇಡವೇ ಬೇಡ. ನನಗೆ ಪಾಂಪೆ ನೋಡಬೇಕು, ಅಷ್ಟೇ: ವೆಸೂವಿಯಸ್ ಜ್ವಾಲಾಮುಖಿ ಸಿಡಿದು ಬೂದಿಯಲ್ಲಿ ಹೂತುಹೋದ ಆ ರೋಮನ್ ಊರು.

ನಾನು ಬೆಳೆದದ್ದು ಚಿತ್ರದುರ್ಗದಲ್ಲಿ. ಚಂದ್ರವಳ್ಳಿಯಲ್ಲಿ ಅಗೆದಾಗ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿದ್ದವು ಅಂತ ಹೈಸ್ಕೂಲಿನಲ್ಲಿ ಮೇಷ್ಟ್ರು ಹೇಳಿದ್ದರು. ಎಲ್ಲಿಯ ರೋಮ್, ಎಲ್ಲಿಯ ದುರ್ಗ! ಅಲ್ಲಿಂದ ಶುರುವಾಯಿತು ಈ ಹುಚ್ಚು. ಆಮೇಲೆ ಲೈಬ್ರರಿಯ ಯಾವುದೋ ಪುಸ್ತಕದಲ್ಲಿ ಪಾಂಪೆಯ ಒಂದು ಬೀದಿಯ ಫೋಟೊ ಕಣ್ಣಿಗೆ ಬಿತ್ತು. ರಾಜನ ಅರಮನೆಯಲ್ಲ, ದೇವಸ್ಥಾನವಲ್ಲ, ಸುಮ್ನೆ ಒಂದು ಬೀದಿ, ಎರಡೂ ಕಡೆ ಅಂಗಡಿ, ನಡುವೆ ಬಂಡಿ ಚಕ್ರದ ಗಾಡಿಜಾಡು ಕಲ್ಲಿನ ಮೇಲೇ ಬಿದ್ದಿದೆ. ಅದನ್ನು ಒಂದು ಸಲ ಕಣ್ಣಾರೆ ನೋಡಬೇಕು ಅಂತ ಅವತ್ತಿನಿಂದ ತಲೆಯಲ್ಲಿ ಕೂತಿದೆ.

ನಮ್ಮನೆಯವರು ಹೇಳುವುದೇ ಬೇರೆ. ರೋಮ್‌ನಲ್ಲೇ ಕೊಲೋಸಿಯಂ ಇದೆ, ಫೋರಂ (ಹಳೇ ಊರಿನ ನಡುವಿನ ಚೌಕ) ಇದೆ, ಅದೇ ಕಲ್ಲು ಅದೇ ಕಂಬ, ಅಷ್ಟು ದೂರ ಯಾಕೆ, ಬೇಕಾದರೆ ಒಂದು ದಿನ ಬಸ್ ಟೂರಿನಲ್ಲಿ ಹೋಗಿ ಬಾ ಅನ್ನುತ್ತಾರೆ. ಟೂರ್‌ನವರ ಪಟ್ಟಿ ನೋಡಿದರೆ ಪಾಂಪೆಯಲ್ಲಿ ಎರಡೇ ಗಂಟೆ, ಉಳಿದದ್ದೆಲ್ಲ ರಸ್ತೆ ಮೇಲೆ.

ಹೋಗಿ ಬಂದವರು ಹೇಳಿ. ಪಾಂಪೆಗೆ ಹತ್ತಿರದ ನೇಪಲ್ಸ್‌ನಲ್ಲಿ ಉಳಿಯುವುದು ಒಳ್ಳೆಯದಾ? ಅಲ್ಲಿ ಕಳ್ಳರು ಜಾಸ್ತಿ ಅಂತಾರೆ, ನಿಜವಾ? ಗೈಡ್ ಬೇಕಾ? ಅಮ್ಮನಿಗೆ ಮಂಡಿ ನೋವಿದೆ, ಊಟ ಶುದ್ಧ ಸಸ್ಯಾಹಾರ. ಇನ್ನೊಂದು ಪ್ರಶ್ನೆ, ನಗಬೇಡಿ: ಇಷ್ಟು ವರ್ಷ ಅಂದುಕೊಂಡು ಹೋಗಿ, ನೋಡಿದಾಗ ಇಷ್ಟೇನಾ ಅನ್ನಿಸಿಬಿಟ್ಟರೆ? ನಿಮಗೆ ಯಾರಿಗಾದರೂ ಹಾಗೆ ಆಗಿದೆಯಾ?

ನೇಪಲ್ಸ್ ನೆಂಟ

ದಯವಿಟ್ಟು ರೋಮ್‌ನಿಂದ ಹೋಗಿ ಬರುವ ಕೆಲಸ ಮಾಡಬೇಡಿ. ಆಗುವುದಿಲ್ಲ ಅಂತಲ್ಲ. ಫಾಸ್ಟ್ ಟ್ರೈನಿನಲ್ಲಿ ರೋಮ್ ಟರ್ಮಿನಿಯಿಂದ ನೇಪಲ್ಸ್‌ಗೆ ಒಂದೂಕಾಲು ಗಂಟೆ, ಅಲ್ಲಿಂದ ಲೋಕಲ್ ಟ್ರೈನಿನಲ್ಲಿ ಇನ್ನೊಂದು ಮುಕ್ಕಾಲು ಗಂಟೆ. ಲೆಕ್ಕಕ್ಕೆ ಸುಲಭ. ಆದರೆ ನಡುವೆ ಸ್ಟೇಷನ್ ಬದಲಿಸುವುದು, ಕಾಯುವುದು, ಅಮ್ಮನಿಗೆ ಸ್ವಲ್ಪ ಕೂರಿಸುವುದು ಎಲ್ಲ ಸೇರಿದರೆ ಗೇಟಿಗೆ ಹೋಗುವ ಹೊತ್ತಿಗೆ ಅರ್ಧ ದಿನ ಮುಗಿದಿರುತ್ತದೆ, ಆಮೇಲೆ ವಾಪಸ್ ಟ್ರೈನ್ ತಪ್ಪಬಾರದು ಅಂತ ಗಡಿಯಾರ ನೋಡುತ್ತಾ ಓಡುವುದು. ಚಿಕ್ಕಂದಿನ ಆಸೆಯನ್ನು ಹೀಗೆ ಓಡಿಕೊಂಡು ತೀರಿಸಿಕೊಳ್ಳುವುದಾ?

ನಾನು ಓದಿಗೆ ಅಂತ ನೇಪಲ್ಸ್‌ನಲ್ಲಿ ಕೆಲವು ವರ್ಷ ಇದ್ದವನು. ಪಾಂಪೆ ಎಷ್ಟು ದೊಡ್ಡದು ಅನ್ನುವುದು ಫೋಟೊದಲ್ಲಿ ಗೊತ್ತಾಗುವುದಿಲ್ಲ. ಗೋಡೆಯ ಒಳಗಿನ ಊರು ಸುಮಾರು 66 ಹೆಕ್ಟೇರ್, ಅಂದರೆ 160 ಎಕರೆಗೂ ಮೇಲೆ. ಅದರಲ್ಲಿ ಮೂರನೇ ಒಂದು ಭಾಗ ಇನ್ನೂ ಅಗೆದೇ ಇಲ್ಲ, ಮಣ್ಣಿನಡಿ ಹಾಗೇ ಇದೆ. ಎರಡು ಗಂಟೆಯಲ್ಲಿ ಟೂರ್‌ನವರು ತೋರಿಸುವುದು ಫೋರಂ, ಸ್ನಾನದ ಮನೆ, ಒಂದೆರಡು ದೊಡ್ಡ ಮನೆ. ಅಷ್ಟಕ್ಕೇ ನೋಡಿ ಬಂದವರೇ "ಬರೀ ಕಲ್ಲು" ಅಂತ ಹೇಳುವುದು.

ನಿಮ್ಮ ಮನೆಯವರಿಗೆ ಹೀಗೆ ಹೇಳಿ. ರೋಮ್‌ನಲ್ಲಿ ಕಾಣುವುದು ಸರ್ಕಾರ: ಚಕ್ರವರ್ತಿ ಕಟ್ಟಿಸಿದ ಕಮಾನು, ದೇವಾಲಯ, ಕೊಲೋಸಿಯಂ. ಅದರ ಮೇಲೆ ಎರಡು ಸಾವಿರ ವರ್ಷ ಜನ ಬದುಕಿದ್ದಾರೆ, ಕಲ್ಲು ಕಿತ್ತಿದ್ದಾರೆ, ಚರ್ಚು ಕಟ್ಟಿದ್ದಾರೆ. ಪಾಂಪೆಯಲ್ಲಿ ಕಾಣುವುದು ಕ್ರಿ.ಶ. 79ರಲ್ಲಿ ನಿಂತುಹೋದ ಒಂದು ಸಾಧಾರಣ ಊರು. ಬೇಕರಿ ಇದೆ, ಬಟ್ಟೆ ಒಗೆಯುವವರ ಅಂಗಡಿ ಇದೆ, ಬೀದಿ ಬದಿಯ ಊಟದ ಅಂಗಡಿಗಳಂತೂ ಹೆಜ್ಜೆಗೊಂದು. ಕಲ್ಲಿನ ಕಟ್ಟೆ, ಅದರಲ್ಲಿ ದೊಡ್ಡ ದೊಡ್ಡ ಗುಂಡಿ, ಗುಂಡಿಯೊಳಗೆ ಮಡಕೆ. ಬೀದಿ ದಾಟಲು ಎತ್ತರದ ಕಲ್ಲುಗಳನ್ನು ಸಾಲಾಗಿ ಇಟ್ಟಿದ್ದಾರೆ, ಯಾಕೆಂದರೆ ನೀರು, ಕೊಚ್ಚೆ ಎಲ್ಲ ಬೀದಿಯಲ್ಲೇ ಹರಿಯುತ್ತಿತ್ತು. ಬಂಡಿಯ ಚಕ್ರ ಆ ಕಲ್ಲುಗಳ ನಡುವಿನ ಸಂದಿಯಲ್ಲಿ ಹಾದುಹೋಗಬೇಕು. ನೀವು ಫೋಟೊದಲ್ಲಿ ನೋಡಿದ ಜಾಡು ಅಲ್ಲೇ ಬಿದ್ದದ್ದು.

ಇನ್ನು ವ್ಯವಹಾರದ ಮಾತು. ನೇಪಲ್ಸ್‌ನ ಗಾರಿಬಾಲ್ಡಿ ಸ್ಟೇಷನ್ ಕೆಳಗಿನಿಂದ ಚಿರ್ಕುಮ್‌ವೆಸುವಿಯಾನಾ ಅನ್ನುವ ಲೋಕಲ್ ಹೊರಡುತ್ತದೆ. ಸೊರೆಂಟೊ ಕಡೆ ಹೋಗುವುದನ್ನು ಹತ್ತಿ, "ಪಾಂಪೆ ಸ್ಕಾವಿ, ವಿಲ್ಲಾ ದೇಯಿ ಮಿಸ್ತೇರಿ" ಅನ್ನುವ ಸ್ಟೇಷನ್ನಿನಲ್ಲಿ ಇಳಿಯಬೇಕು. ಇಳಿದರೆ ಎದುರಿಗೇ ಪೋರ್ತಾ ಮರೀನಾ ಗೇಟು. "ಪಾಂಪೆ" ಅಂತ ಮಾತ್ರ ಬರೆದಿರುವ ಬೇರೆ ಸ್ಟೇಷನ್ ಇದೆ, ಅದು ಈಗಿನ ಊರಿನದು. ಟ್ರೈನು ಹಳೆಯದು, ಎಸಿ ನಂಬಬೇಡಿ, ರಶ್ ಇರುತ್ತದೆ, ಜೇಬುಗಳ್ಳರು ಇದ್ದಾರೆ. ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತುವಾಗ ಬ್ಯಾಗನ್ನು ಎದೆಗೆ ಅವುಚಿಕೊಳ್ಳುತ್ತೀರಲ್ಲ, ಅಷ್ಟು ಎಚ್ಚರ ಸಾಕು. ಊರು ಗಲಾಟೆಯ ಊರು, ಅದಕ್ಕೆ ಬಂದ ಕೆಟ್ಟ ಹೆಸರು ಮಾತ್ರ ಜಾಸ್ತಿಯಾಯಿತು.

ಟಿಕೆಟ್ ಮೊದಲೇ ಆನ್‌ಲೈನಿನಲ್ಲಿ ತಗೊಳ್ಳಿ. 2024ರ ನವೆಂಬರ್‌ನಿಂದ ದಿನಕ್ಕೆ 20 ಸಾವಿರ ಜನಕ್ಕೆ ಮಾತ್ರ ಪ್ರವೇಶ, ಟಿಕೆಟ್ ಮೇಲೆ ಹೆಸರಿರುತ್ತದೆ, ಪಾಸ್‌ಪೋರ್ಟ್ ಜೊತೆಗಿರಲಿ. ತಿಂಗಳ ಮೊದಲ ಭಾನುವಾರ ಪುಕ್ಕಟೆ ಅಂತ ಅವತ್ತೇ ಹೋಗಬೇಡಿ, ಜಾತ್ರೆ.

ನೇಪಲ್ಸ್‌ನ ಮ್ಯೂಸಿಯಂಗೂ ಅರ್ಧ ದಿನ ಇಡಿ. ಪಾಂಪೆಯಿಂದ ಎತ್ತಿಕೊಂಡು ಹೋದ ಚಿತ್ರ, ಪಾತ್ರೆ, ಮೊಸಾಯಿಕ್ (ಬಣ್ಣದ ಕಲ್ಲುಚೂರು ಜೋಡಿಸಿದ ಚಿತ್ರ) ಎಲ್ಲ ಅಲ್ಲಿದೆ. ಅಲೆಕ್ಸಾಂಡರ್ ಯುದ್ಧ ಮಾಡುವ ಪ್ರಸಿದ್ಧ ಮೊಸಾಯಿಕ್ ಇದೆಯಲ್ಲ, ಪಾಂಪೆಯ ಮನೆಯಲ್ಲಿ ಈಗ ಇರುವುದು ಅದರ ನಕಲು, ಅಸಲಿ ಮ್ಯೂಸಿಯಂಗೆ ಸೇರಿದ್ದು. ಮಂಗಳವಾರ ಮ್ಯೂಸಿಯಂಗೆ ರಜೆ.

ಹೊಟ್ಟೆಪಾಡಿನ ಅಲೆಮಾರಿ

ನನ್ನದು ಉಲ್ಟಾ ಅಭಿಪ್ರಾಯ. ಪಾಂಪೆ ಬಿಡಿ, ಓಸ್ಟಿಯಾ ಆಂಟಿಕಾಗೆ ಹೋಗಿ. ರೋಮ್‌ನ ಹಳೆಯ ಬಂದರು. ಪಿರಮಿಡೆ ಮೆಟ್ರೋ ಪಕ್ಕದ ಸ್ಟೇಷನ್ನಿನಿಂದ ಅರ್ಧ ಗಂಟೆ, ಮಾಮೂಲಿ ಸಿಟಿ ಟಿಕೆಟ್ ಸಾಕು. ನದಿ ಹೂಳು ತುಂಬಿ ಸಮುದ್ರ ಹಿಂದೆ ಸರಿಯಿತು, ಜನ ನಿಧಾನಕ್ಕೆ ಬಿಟ್ಟು ಹೋದರು, ಊರು ಮರಳಿನಡಿ ಉಳಿಯಿತು. ಜ್ವಾಲಾಮುಖಿ ಸಿನಿಮಾ ಇಲ್ಲ, ಅದಕ್ಕೇ ರಶ್ಶೂ ಇಲ್ಲ. ಹಡಗು ವ್ಯಾಪಾರಿಗಳ ಆಫೀಸುಗಳಿದ್ದ ಒಂದು ಚೌಕ ಇದೆ, ಪ್ರತಿ ಆಫೀಸಿನ ಮುಂದೆ ನೆಲದ ಮೇಲೆ ಮೊಸಾಯಿಕ್ಕಿನಲ್ಲಿ ಬೋರ್ಡು: ಒಂದರಲ್ಲಿ ಹಡಗು, ಒಂದರಲ್ಲಿ ಆನೆ. ಅಪಾರ್ಟ್‌ಮೆಂಟ್ ಕಟ್ಟಡಗಳ ಮೆಟ್ಟಿಲು ಹತ್ತಬಹುದು. ಸಾಲಾಗಿ ಕೂರುವ ಸಾರ್ವಜನಿಕ ಕಕ್ಕಸು ಕೂಡ ಇದೆ, ನಡುವೆ ಗೋಡೆ ಗೀಡೆ ಏನಿಲ್ಲ, ಮಾತಾಡಿಕೊಂಡು ಕೂರುತ್ತಿದ್ದರು.

ಪೈನ್ ಮರದ ನೆರಳಿದೆ, ಮಂಡಿ ನೋವಿನವರಿಗೆ ದೂರವೂ ಕಮ್ಮಿ. ಸೋಮವಾರ ಮಾತ್ರ ಹೋಗಬೇಡಿ, ಬಾಗಿಲು ಹಾಕಿರುತ್ತದೆ.

ನಾಣ್ಯದ ಮೇಷ್ಟ್ರು

ಅಲೆಮಾರಿಯವರೇ, ಓಸ್ಟಿಯಾ ಚೆನ್ನಾಗಿದೆ, ಒಪ್ಪಿದೆ. ಆದರೆ ಅವರು ಕೇಳಿದ್ದು ಪಾಂಪೆ. ಹಂಪಿಗೆ ಹೊರಟವರಿಗೆ ಬಾದಾಮಿಯಲ್ಲಿ ರಶ್ ಕಮ್ಮಿ ಅಂದರೆ ಏನು ಪ್ರಯೋಜನ?

ದುರ್ಗದವರೇ, ನಿಮ್ಮ ಮೇಷ್ಟ್ರು ಹೇಳಿದ್ದು ಸರಿ. ಚಂದ್ರವಳ್ಳಿಯಲ್ಲಿ ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅವರು ಅಗೆಸಿದರು, 1947ರಲ್ಲಿ ಇನ್ನೊಬ್ಬ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿ ಎರಡೂ ಕಡೆ ಅಗೆಸಿದರು. ಅಲ್ಲಿ ಮಾತ್ರವಲ್ಲ, 1891ರಲ್ಲಿ ನಮ್ಮ ಯಶವಂತಪುರದಲ್ಲೇ ನೂರಕ್ಕೂ ಹೆಚ್ಚು ರೋಮನ್ ಬೆಳ್ಳಿ ನಾಣ್ಯಗಳ ಗಂಟು ಸಿಕ್ಕಿತ್ತು, ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಕಾಲದ್ದು. ಈಗ ಅಲ್ಲಿ ಟ್ರಾಫಿಕ್ಕಿನಲ್ಲಿ ನಿಂತವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ.

ಈ ದುಡ್ಡು ಇಲ್ಲಿಗೆ ಬಂದದ್ದು ಹೇಗೆ ಅನ್ನುವುದಕ್ಕೂ ವೆಸೂವಿಯಸ್‌ಗೂ ಒಂದು ನಂಟು ಇದೆ. ಹಿರಿಯ ಪ್ಲಿನಿ ಅಂತ ಒಬ್ಬ ರೋಮನ್ ಅಧಿಕಾರಿ. ಇಂಡಿಯಾ ಪ್ರತಿ ವರ್ಷ ನಮ್ಮಿಂದ 5 ಕೋಟಿ ಸೆಸ್ಟರ್ಸ್ (ರೋಮ್‌ನ ನಾಣ್ಯ) ಎಳೆದುಕೊಳ್ಳುತ್ತದೆ, ಬದಲಿಗೆ ಕಳಿಸುವ ಸರಕು ಇಲ್ಲಿ ನೂರು ಪಟ್ಟು ಬೆಲೆಗೆ ಮಾರಾಟವಾಗುತ್ತದೆ ಅಂತ ಬರೆದಿಟ್ಟವನು. ಮೆಣಸು, ಮುತ್ತು, ತೆಳು ಬಟ್ಟೆ, ಇದೆಲ್ಲದಕ್ಕೂ ರೋಮ್‌ನವರು ಚಿನ್ನ ಬೆಳ್ಳಿ ಸುರಿಯುತ್ತಿದ್ದರು. ಇದೇ ಪ್ಲಿನಿ ಆಗ ನೇಪಲ್ಸ್ ಕೊಲ್ಲಿಯ ಆಚೆ ತುದಿಯ ಮಿಸೇನಂ ಬಂದರಿನಲ್ಲಿ ನೌಕಾಪಡೆಯ ಮುಖ್ಯಸ್ಥ. ಬೆಟ್ಟ ಸಿಡಿದಾಗ ಹಡಗು ತೆಗೆದುಕೊಂಡು ಜನರನ್ನು ಉಳಿಸಲು ಹೋಗಿ ಸ್ಟಾಬಿಯೆ ತೀರದಲ್ಲಿ ಸತ್ತ. ಅವನ ಸೋದರಳಿಯನಿಗೆ ಆಗ ಹದಿನೇಳು ವರ್ಷ, ಅವನು ಮಿಸೇನಂನಿಂದ ನೋಡಿದ್ದನ್ನು ಮುಂದೆ ಇತಿಹಾಸಕಾರ ಟ್ಯಾಸಿಟಸ್‌ಗೆ ಪತ್ರದಲ್ಲಿ ಬರೆದ. ಆ ದಿನದ ಬಗ್ಗೆ ಕಣ್ಣಿನಿಂದ ಕಂಡವರ ಮಾತು ಅಂತ ನಮಗೆ ಉಳಿದಿರುವುದು ಅದೇ.

ಮ್ಯೂಸಿಯಂನಲ್ಲಿ ತಪ್ಪದೆ ನೋಡಬೇಕಾದ್ದು ದಂತದ ಒಂದು ಪುಟ್ಟ ಗೊಂಬೆ, ಒಂದು ಗೇಣು ಎತ್ತರ. 1938ರಲ್ಲಿ ಪಾಂಪೆಯ ಒಂದು ಮನೆಯಲ್ಲಿ ಸಿಕ್ಕಿತು. ಕಾಲ್ಗಡಗ, ಬಳೆ, ಜಡೆ, ಅಕ್ಕಪಕ್ಕ ಇಬ್ಬರು ಸೇವಕಿಯರು, ಶುದ್ಧ ನಮ್ಮ ಕಡೆಯ ಕೆತ್ತನೆ. "ಪಾಂಪೆ ಲಕ್ಷ್ಮಿ" ಅಂತ ಹೆಸರು ಬಿತ್ತು, ಆದರೆ ಲಕ್ಷ್ಮಿಗಿಂತ ಯಕ್ಷಿ ಇರಬೇಕು ಅಂತ ಈಗ ಹೆಚ್ಚಿನವರು ಹೇಳುತ್ತಾರೆ. ಇಂಥದೇ ಗೊಂಬೆಗಳು ಮಹಾರಾಷ್ಟ್ರದ ಭೋಕರದನ್ ಮತ್ತು ತೇರ್‌ನಲ್ಲಿ ಸಿಕ್ಕಿವೆ. ಒಂದು ಎಚ್ಚರಿಕೆ: ಅದನ್ನು ಇಟ್ಟಿರುವುದು ಸೀಕ್ರೆಟ್ ಕ್ಯಾಬಿನೆಟ್ ಅನ್ನುವ ಕೋಣೆಯಲ್ಲಿ. ಅಲ್ಲಿರುವ ಉಳಿದ ಚಿತ್ರಗಳು, ಬೊಂಬೆಗಳು ಅಮ್ಮನ ಜೊತೆ ನಿಂತು ನೋಡುವಂಥವಲ್ಲ. ನೀವಿಬ್ಬರೂ ಸರದಿ ಮೇಲೆ ಹೋಗಿ ಬನ್ನಿ.

ಪಾಂಪೆ ಲಾವಾ ಹರಿದು ಮುಚ್ಚಿಹೋಯಿತು ಅಂತ ಇವತ್ತಿಗೂ ಪಾಠದಲ್ಲಿ ಹೇಳುವವರಿದ್ದಾರೆ. ಲಾವಾ ಅಲ್ಲ. ಮೊದಲು ಗಂಟೆಗಟ್ಟಲೆ ಹಗುರವಾದ ತೂತು ಕಲ್ಲಿನ ಮಳೆ ಸುರಿಯಿತು, ಅದರ ಭಾರಕ್ಕೆ ಚಾವಣಿಗಳು ಕುಸಿದವು. ಮಾರನೇ ಬೆಳಿಗ್ಗೆ ಕುದಿಯುವ ಬೂದಿ, ಅನಿಲ ಬೆಟ್ಟದ ಮೇಲಿಂದ ಅಲೆಯಾಗಿ ನುಗ್ಗಿ ಬಂತು, ಉಳಿದವರು ಸತ್ತದ್ದು ಅದರಲ್ಲಿ. ತಾರೀಕು ಆಗಸ್ಟ್ 24 ಅಂತ ಹಿಂದಿನಿಂದ ಓದಿದ್ದೆವು. 2018ರಲ್ಲಿ ಗೋಡೆ ಮೇಲೆ ಇದ್ದಿಲಿನಲ್ಲಿ ಗೀಚಿದ ಅಕ್ಟೋಬರ್ 17ರ ತಾರೀಕು ಸಿಕ್ಕಿತು. ಇದ್ದಿಲಿನ ಗೀಚು ಬಹಳ ಕಾಲ ಉಳಿಯಲಿಕ್ಕಿಲ್ಲ ಅನ್ನುವ ಲೆಕ್ಕದಲ್ಲಿ ಬೆಟ್ಟ ಸಿಡಿದದ್ದು ಅಕ್ಟೋಬರ್ ಕೊನೆಗೆ ಅನ್ನುವ ವಾದಕ್ಕೆ ಬಲ ಬಂತು. ನೀವು ಹೋಗುತ್ತಿರುವುದೂ ಅಕ್ಟೋಬರ್, ಬೆಳಕು ಹವೆ ಹೇಗಿತ್ತು ಅಂತ ಅಂದಾಜು ಸಿಗುತ್ತದೆ.

ಆ ಊರಿನ ಗೋಡೆಗಳನ್ನು ಓದಲು ಮರೆಯಬೇಡಿ. ಚುನಾವಣೆ ಪ್ರಚಾರವೇ ಎರಡು ಸಾವಿರಕ್ಕೂ ಜಾಸ್ತಿ ಸಿಕ್ಕಿದೆ, ಕೆಂಪು ಬಣ್ಣದಲ್ಲಿ ಬರೆದದ್ದು. ಹಣ್ಣು ಮಾರುವವರೆಲ್ಲ ಸೇರಿ ಹೋಲ್ಕೋನಿಯಸ್ ಪ್ರಿಸ್ಕಸ್‌ನನ್ನು ಗೆಲ್ಲಿಸಿ ಅನ್ನುತ್ತಾರೆ. ವಾಟಿಯಾ ಅನ್ನುವವನಿಗೆ ಮಾತ್ರ "ರಾತ್ರಿ ಹೊತ್ತು ಮೀರಿ ಕುಡಿಯುವವರೆಲ್ಲರ ಬೆಂಬಲ" ಅಂತ ಬರೆದಿದ್ದಾರೆ, ಇನ್ನೊಂದು ಕಡೆ ಚಿಲ್ಲರೆ ಕಳ್ಳರ ಬೆಂಬಲ. ಎದುರಾಳಿಗಳ ಕಿತಾಪತಿ ಇರಬೇಕು.

ದುರ್ಗದವಳು

ಮೇಷ್ಟ್ರೇ, ಇದನ್ನೆಲ್ಲ ಪ್ರಿಂಟ್ ತೆಗೆದುಕೊಂಡು ಹೋಗುತ್ತೇನೆ. ಯಶವಂತಪುರದ ವಿಷಯ ನನಗೆ ಗೊತ್ತೇ ಇರಲಿಲ್ಲ. ನೆಂಟರೇ, ನೇಪಲ್ಸ್‌ನಲ್ಲೇ ಉಳಿಯುವುದು ಅಂತ ತೀರ್ಮಾನ ಆಯಿತು, ಮನೆಯಲ್ಲೂ ಒಪ್ಪಿಗೆ ಸಿಕ್ಕಿತು ("ಏನಾದರೂ ಮಾಡ್ಕೋ" ಅನ್ನುವುದನ್ನು ಒಪ್ಪಿಗೆ ಅಂತಲೇ ಲೆಕ್ಕ).

ಇನ್ನೆರಡು ಅನುಮಾನ. ಸತ್ತವರ ದೇಹಗಳನ್ನು ಹಾಗೇ ಇಟ್ಟಿದ್ದಾರೆ ಅಂತಾರಲ್ಲ, ಅಮ್ಮನಿಗೆ ಅದು ಹಿಂಸೆ ಆಗಬಹುದು. ಎಲ್ಲ ಕಡೆ ಇದೆಯಾ, ತಪ್ಪಿಸಿಕೊಂಡು ಹೋಗಬಹುದಾ? ಹಾಗೇ ಹರ್ಕ್ಯುಲೇನಿಯಂ (ಅದೇ ಬೆಟ್ಟ ಸಿಡಿದಾಗ ಹೂತುಹೋದ ಇನ್ನೊಂದು ಊರು) ಕೂಡ ಸೇರಿಸಲೋ ಬೇಡವೋ?

ನಾಣ್ಯದ ಮೇಷ್ಟ್ರು

ಅವು ದೇಹಗಳಲ್ಲ, ಎರಕದ ಅಚ್ಚುಗಳು. ಬೂದಿ ಗಟ್ಟಿಯಾಯಿತು, ಒಳಗಿನ ಮೈ ಕೊಳೆತು ಟೊಳ್ಳು ಉಳಿಯಿತು. 1863ರಲ್ಲಿ ಅಗೆತದ ಮುಖ್ಯಸ್ಥ ಫಿಯೊರೆಲ್ಲಿ ಅನ್ನುವವನು ಆ ಟೊಳ್ಳಿನೊಳಗೆ ಪ್ಲಾಸ್ಟರ್ ಸುರಿದು, ಆರಿದ ಮೇಲೆ ಸುತ್ತಲಿನ ಬೂದಿ ಬಿಡಿಸಿದ. ಬಟ್ಟೆಯ ಮಡಿಕೆ ಕೂಡ ಅಚ್ಚಿನಲ್ಲಿ ಮೂಡಿತು. ಒಳಗೆ ಮೂಳೆ ಇರುತ್ತದೆ, ಅದು ನಿಜ. ಹೆಚ್ಚಿನ ಸಂಖ್ಯೆಯಲ್ಲಿ ಒಟ್ಟಿಗೆ ಇರುವುದು ಊರಿನ ತೆಂಕಣ ಮೂಲೆಯ ಒಂದು ದ್ರಾಕ್ಷಿ ತೋಟದಲ್ಲಿ, 13 ಜನ, ಮಕ್ಕಳೂ ಇದ್ದಾರೆ. ಅಲ್ಲಿಗೆ ಹೋಗದಿದ್ದರೆ ಆಯಿತು.

ಆ ಅಚ್ಚುಗಳ ಮೇಲೆ ನಾವು ಕಟ್ಟಿದ ಕಥೆಗಳನ್ನು ಮಾತ್ರ ಪೂರ್ತಿ ನಂಬಬೇಡಿ. "ಚಿನ್ನದ ಬಳೆಯ ಮನೆ" ಅನ್ನುವಲ್ಲಿ ಮಗುವನ್ನು ತೊಡೆ ಮೇಲೆ ಇಟ್ಟುಕೊಂಡ ತಾಯಿ ಅಂತ ಎಷ್ಟೋ ವರ್ಷ ತೋರಿಸಿದರು. 2024ರಲ್ಲಿ ಡಿಎನ್‌ಎ ನೋಡಿದರೆ ಅದು ಗಂಡಸು, ಮಗುವಿಗೂ ಅವನಿಗೂ ರಕ್ತ ಸಂಬಂಧವೇ ಇಲ್ಲ.

ನೇಪಲ್ಸ್ ನೆಂಟ

ಹರ್ಕ್ಯುಲೇನಿಯಂ ಸೇರಿಸಿ. ಅದೇ ಟ್ರೈನು, ಎರ್ಕೊಲಾನೊ ಸ್ಕಾವಿ ಸ್ಟೇಷನ್, ನೇಪಲ್ಸ್‌ನಿಂದ ಇಪ್ಪತ್ತು ನಿಮಿಷ. ಸ್ಟೇಷನ್ನಿನಿಂದ ಇಳಿಜಾರಿನಲ್ಲಿ ಸ್ವಲ್ಪ ನಡೆಯಬೇಕು, ಬರುವಾಗ ಅದೇ ಏರು, ಅಮ್ಮನಿಗೆ ಟ್ಯಾಕ್ಸಿ ಮಾಡಿ. ಚಿಕ್ಕ ಜಾಗ, ಎರಡು ಮೂರು ಗಂಟೆ ಸಾಕು. ಪಾಂಪೆಯಲ್ಲಿ ಕಾಣದ ಒಂದು ಇಲ್ಲಿ ಕಾಣುತ್ತದೆ: ಮರ. ಬಿಸಿ ಬೂದಿ ಸುಮಾರು 20 ಮೀಟರ್ ಎತ್ತರಕ್ಕೆ ತುಂಬಿಕೊಂಡು ಮರವೆಲ್ಲ ಇದ್ದಿಲಾಗಿ ಹಾಗೇ ಉಳಿಯಿತು. ತೊಲೆ, ಬಾಗಿಲು, ಮಂಚ, ಮಹಡಿ, ಎಲ್ಲ ಇದೆ. ಸುಟ್ಟು ಕರಕಲಾದ ಪಪೈರಸ್ (ಆಗಿನ ಕಾಗದ) ಸುರುಳಿಗಳು ಸಿಕ್ಕಿದ್ದೂ ಈ ಊರಿನ ಒಂದು ಬಂಗಲೆಯಲ್ಲೇ. ಅವನ್ನು ಬಿಚ್ಚದೆ, ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಓದುವ ಕೆಲಸ ಈಗ ನಡೆಯುತ್ತಿದೆ.

ಆದರೆ ಕೆಳಗಿನ ದೋಣಿ ಮನೆಗಳ ಹತ್ತಿರ ಅಮ್ಮನನ್ನು ಕರೆದುಕೊಂಡು ಹೋಗಬೇಡಿ. ಅಲ್ಲಿ ಕಮಾನಿನೊಳಗೆ ರಾಶಿ ರಾಶಿ ಅಸ್ಥಿಪಂಜರ, ಸುಮಾರು 300 ಜನ ದೋಣಿಗೆ ಕಾಯುತ್ತಾ ಸತ್ತವರು. ಈಗ ಅಲ್ಲಿ ಇಟ್ಟಿರುವುದು ನಕಲು, ಆದರೂ ಪಾಂಪೆಯ ಹಾಗೆ ಮೈಯ ಅಚ್ಚಲ್ಲ, ಮೂಳೆಗಳ ರೂಪವೇ ಕಣ್ಣಿಗೆ ಕಾಣುತ್ತದೆ.

ಅತ್ತೆಯ ಜೊತೆ ಹೋದವಳು

ಗಂಡಸರೆಲ್ಲ ಇತಿಹಾಸ ಹೇಳಿದರು, ಮಂಡಿ ನೋವಿಗೆ ಯಾರೂ ಸರಿಯಾಗಿ ಉತ್ತರ ಕೊಡಲಿಲ್ಲ 😀 ನಾನು ನಮ್ಮ ಅತ್ತೆಯ ಜೊತೆ ಹೋಗಿದ್ದೆ, ಅವರಿಗೂ ಇದೇ ಕಥೆ.

ಪೋರ್ತಾ ಮರೀನಾ ಗೇಟಿನಿಂದ ಹೋಗಬೇಡಿ ರೀ. ಒಳಗೆ ಹೋಗುತ್ತಿದ್ದಂತೆ ಏರು, ಅದೂ ಜಾರುವ ಕಲ್ಲು. ಊರಿನ ಇನ್ನೊಂದು ತುದಿಯಲ್ಲಿ ಪಿಯಾಜ಼ಾ ಅನ್ಫಿತಿಯಾತ್ರೊ ಅಂತ ಗೇಟಿದೆ, ಅಲ್ಲಿಂದ ಶುರು ಮಾಡಿ. ಅಲ್ಲಿಂದ "ಎಲ್ಲರಿಗಾಗಿ ಪಾಂಪೆ" ಅನ್ನುವ ದಾರಿ ಮಾಡಿದ್ದಾರೆ, ಮೂರು ಕಿಲೋಮೀಟರಿಗಿಂತ ಜಾಸ್ತಿ ಉದ್ದ, ಗಾಲಿಕುರ್ಚಿ, ಮಕ್ಕಳ ಗಾಡಿ ಎಲ್ಲ ಹೋಗುತ್ತದೆ. ನೀವು ಅಡ್ಡ ಬೀದಿ ಸುತ್ತಿ ಬರುವವರೆಗೆ ಅಮ್ಮ ಆಂಫಿಥಿಯೇಟರ್ (ಕಾಳಗದ ಆಟ ನಡೆಯುತ್ತಿದ್ದ ದುಂಡು ಬಯಲು ಅಖಾಡ) ಪಕ್ಕದ ಮರದ ನೆರಳಲ್ಲಿ ಕೂರಬಹುದು. ಆ ಆಂಫಿಥಿಯೇಟರ್ ಕೊಲೋಸಿಯಂಗಿಂತ ನೂರೈವತ್ತು ವರ್ಷ ಹಳೆಯದು ಗೊತ್ತಾ? ಕ್ರಿ.ಪೂ. 70ರ ಸುಮಾರಿನದು. ಆಟ ನೋಡಲು ಪಕ್ಕದ ಊರಿನವರು ಬಂದು ಹೊಡೆದಾಟ ಆಗಿ, ನೀರೋ ಚಕ್ರವರ್ತಿಯ ಕಾಲದಲ್ಲಿ ಹತ್ತು ವರ್ಷ ಆಟ ನಿಷೇಧ ಮಾಡಿದ್ದರು ಅಂತ ನಮ್ಮ ಗೈಡ್ ಹೇಳಿದ.

ಗೈಡ್ ಬೇಕಾ ಅಂದರೆ, ಬೇಕು, ಮೊದಲ ಎರಡು ಗಂಟೆಗೆ. ಸ್ಟೇಷನ್ ಹೊರಗೆ ಕೂಗಿ ಕರೆಯುವವರ ಹಿಂದೆ ಹೋಗಬೇಡಿ, ಲೈಸೆನ್ಸ್ ಕಾರ್ಡ್ ಕುತ್ತಿಗೆಗೆ ಹಾಕಿಕೊಂಡವರನ್ನು ನೋಡಿ ಮಾತಾಡಿ. ಆಮೇಲೆ ಮ್ಯಾಪ್ ಹಿಡಿದುಕೊಂಡು ನೀವೇ ಸುತ್ತಿ.

ಶೂ ಹಾಕಿಸಿ, ಚಪ್ಪಲಿ ಬೇಡ. ನೀರಿನ ಬಾಟಲಿ ಖಾಲಿ ತಗೊಂಡು ಹೋದರೂ ಆಗುತ್ತದೆ, ಬೀದಿಯಲ್ಲಿ ಇರುವ ಹಳೇ ನಲ್ಲಿ ತೊಟ್ಟಿಗಳಲ್ಲಿ ಈಗಲೂ ಕುಡಿಯುವ ನೀರು ಬರುತ್ತದೆ. ದೊಡ್ಡ ಬ್ಯಾಗ್ ಒಳಗೆ ಬಿಡುವುದಿಲ್ಲ, ಗೇಟಿನಲ್ಲೇ ಇಟ್ಟುಕೊಳ್ಳುತ್ತಾರೆ.

ಊಟಕ್ಕೆ ನೇಪಲ್ಸ್‌ನಷ್ಟು ಸುಲಭದ ಊರಿಲ್ಲ. ಮಾರಿನಾರಾ ಪಿಜ್ಜಾ ಕೇಳಿ: ಟೊಮೆಟೊ, ಬೆಳ್ಳುಳ್ಳಿ, ಎಣ್ಣೆ, ಸೊಪ್ಪು, ಅಷ್ಟೇ, ಚೀಸ್ ಕೂಡ ಇಲ್ಲ. ಹೆಸರು ಕೇಳಿ ಮೀನು ಅಂತ ಹೆದರಬೇಡಿ. ಪಾರ್ಮೆಸಾನ್ ಚೀಸ್ ಮಾಡಲು ಕರುವಿನ ಹೊಟ್ಟೆಯಿಂದ ತೆಗೆದದ್ದನ್ನು ಹಾಕುತ್ತಾರೆ, ಅಮ್ಮ ಅದನ್ನೆಲ್ಲ ನೋಡುವವರಾದರೆ ಪಾಸ್ತಾ ಮೇಲೆ ಉದುರಿಸಬೇಡಿ ಅಂತ ಮೊದಲೇ ಹೇಳಿ. ಬೀನ್ಸ್ ಹಾಕಿದ ಪಾಸ್ತಾದಲ್ಲಿ ಹಂದಿ ಮಾಂಸದ ಚೂರು ಇರಬಹುದು, ಕೇಳಿಕೊಳ್ಳಿ. ಚಟ್ನಿಪುಡಿ, ಅವಲಕ್ಕಿ ತಗೊಂಡು ಹೋಗಿ, ಅದನ್ನು ನಾನು ಹೇಳಬೇಕಾಗಿಲ್ಲ ಅಲ್ವಾ.

ದುರ್ಗದವಳು

ಹೋಗಿ ಬಂದೆ! ಎಲ್ಲರಿಗೂ ಥ್ಯಾಂಕ್ಸ್. ತಡವಾಗಿ ಬರೆಯುತ್ತಿದ್ದೇನೆ, ಬಂದ ಮೇಲೆ ಆಫೀಸಿನಲ್ಲಿ ಉಸಿರಾಡಲು ಬಿಡಲಿಲ್ಲ.

ಇಷ್ಟೇನಾ ಅನ್ನಿಸಿತಾ ಅಂತ ಕೇಳುವವರಿಗೆ ಮೊದಲು ಅದನ್ನೇ ಹೇಳುತ್ತೇನೆ. ಫೋರಂನಲ್ಲಿ ಹಾಗೇ ಅನ್ನಿಸಿತು. ದೊಡ್ಡ ಮೈದಾನ, ಮುರಿದ ಕಂಬಗಳು, ಹಿಂದೆ ವೆಸೂವಿಯಸ್, ಎಲ್ಲರೂ ಒಂದೇ ಜಾಗದಲ್ಲಿ ನಿಂತು ಒಂದೇ ಫೋಟೊ ತೆಗೆಯುತ್ತಿದ್ದರು. ವೆಟ್ಟಿ ಮನೆ ಅನ್ನುವ ದೊಡ್ಡ ಮನೆಯ ಮುಂದೆ ಉದ್ದ ಕ್ಯೂ. ಇಪ್ಪತ್ತು ವರ್ಷ ದುರಸ್ತಿ ನಡೆದು 2023ರಲ್ಲಿ ಮತ್ತೆ ತೆರೆದದ್ದಂತೆ, ಗೋಡೆ ಚಿತ್ರಗಳು ಬಹಳ ಚೆನ್ನಾಗಿವೆ, ಬಾಗಿಲಲ್ಲೇ ಇರುವ ಒಂದು ಚಿತ್ರದ ಬಗ್ಗೆ ಮಾತ್ರ ಇಲ್ಲಿ ಯಾರೂ ಎಚ್ಚರಿಕೆ ಕೊಟ್ಟಿರಲಿಲ್ಲ. ಪ್ರಿಯಾಪಸ್ ಅನ್ನುವ ದೇವರು ತನ್ನದನ್ನು ತಕ್ಕಡಿಯಲ್ಲಿಟ್ಟು ತೂಗುತ್ತಿದ್ದಾನೆ. ಅಮ್ಮ ಒಂದು ಕ್ಷಣ ನೋಡಿ, "ಇವರಿಗೆ ಬೇರೆ ಕೆಲಸ ಇರಲಿಲ್ವೇನೆ" ಅಂದರು. ಮೇಷ್ಟ್ರೇ, ಸೀಕ್ರೆಟ್ ಕ್ಯಾಬಿನೆಟ್ ವಿಷಯದಲ್ಲಿ ನಿಮ್ಮ ಮಾತು ಕೇಳಿ ಸರದಿ ಮೇಲೇ ಹೋದೆವು, ಇಲ್ಲಿ ಮಾತ್ರ ತಪ್ಪಿಸಿಕೊಳ್ಳಲಾಗಲಿಲ್ಲ.

ಗೈಡ್ ಬಿಟ್ಟು ಹೋದ ಮೇಲೆ ನಿಜವಾದ ಪಾಂಪೆ ಸಿಕ್ಕಿತು. ಅಬ್ಬೊಂದಾಂಜ಼ಾ ಬೀದಿಯಿಂದ ಒಂದೆರಡು ಅಡ್ಡ ಬೀದಿ ಒಳಗೆ ಹೋದರೆ ಸಾಕು, ಜನವೇ ಇಲ್ಲ. ಚಕ್ರದ ಜಾಡಿನೊಳಗೆ ಕೈ ಇಟ್ಟು ನೋಡಿದೆ, ಅಂಗೈ ಪೂರ್ತಿ ಮುಳುಗುವಷ್ಟು ಆಳ. ಇಷ್ಟು ಸವೆಯಲು ಎಷ್ಟು ವರ್ಷ ಎಷ್ಟು ಬಂಡಿ ಹಾದುಹೋಗಿರಬೇಕು, ಯಾರು ಏನು ಹೇರಿಕೊಂಡು ಹೋದರು, ಅದರಲ್ಲಿ ಎಲ್ಲೋ ಒಂದು ಮೂಟೆ ನಮ್ಮ ಕಡೆಯ ಮೆಣಸೂ ಇದ್ದಿರಬಹುದಲ್ಲ ಅಂತ ಯೋಚನೆ ಬಂದು ಅಲ್ಲೇ ಪಕ್ಕದ ಕಟ್ಟೆ ಮೇಲೆ ಕೂತುಬಿಟ್ಟೆ. ಅತ್ತೇನೋ ಅನ್ನಿಸುತ್ತೆ, ಗೊತ್ತಿಲ್ಲ. ಪಕ್ಕದಲ್ಲಿ ಹೋಗುತ್ತಿದ್ದ ಒಬ್ಬ ಅಜ್ಜಿ ಇಟಾಲಿಯನ್‌ನಲ್ಲಿ ಏನೋ ಕೇಳಿ ನೀರು ಕೊಟ್ಟರು.

ಅಮ್ಮನಿಗೆ ತುಂಬ ಹಿಡಿಸಿದ್ದು ಬೇಕರಿ. ಕಪ್ಪು ಲಾವಾ ಕಲ್ಲಿನ ದೊಡ್ಡ ಬೀಸುಕಲ್ಲುಗಳು, ಆಳೆತ್ತರ, ನಡು ಸಣ್ಣ. ಕತ್ತೆ ಕಟ್ಟಿ ತಿರುಗಿಸುತ್ತಿದ್ದರಂತೆ. ಹಿಂದೆಯೇ ಇಟ್ಟಿಗೆಯ ಒಲೆ. ಅಮ್ಮ ಮಂಡಿ ನೋವು ಮರೆತು ಸುತ್ತ ಎರಡು ಸಲ ತಿರುಗಿ, ಕತ್ತೆ ಸುತ್ತಲು ಜಾಗ ಎಷ್ಟು ಬಿಟ್ಟಿದ್ದಾರೆ, ಹಿಟ್ಟು ಎಲ್ಲಿ ಬೀಳುತ್ತಿತ್ತು, ಕತ್ತೆ ಸಗಣಿ ಹಿಟ್ಟಿಗೆ ಬೀಳದಂತೆ ಏನು ಮಾಡುತ್ತಿದ್ದರು ಅಂತ ಕೇಳತೊಡಗಿದರು. ಕೊನೆಯ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮೋಡೆಸ್ಟಸ್‌ನ ಬೇಕರಿ ಅನ್ನುವ ಕಡೆ 81 ರೊಟ್ಟಿಗಳು ಒಲೆಯೊಳಗೇ ಕರಕಲಾಗಿ ಸಿಕ್ಕಿದ್ದವು ಅಂತ ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ "ಒಲೆ ಮೇಲಿಟ್ಟು ಬಿಟ್ಟು ಓಡಿದ್ದಾರೆ ಪಾಪ" ಅಂದರು. ಅಚ್ಚುಗಳನ್ನು ತಪ್ಪಿಸಬೇಕು ಅಂತ ನಾನು ಅಷ್ಟು ಪ್ಲಾನ್ ಮಾಡಿದ್ದೆ, ಅವರಿಗೆ ಸಂಕಟ ಆದದ್ದು ರೊಟ್ಟಿ ಕೇಳಿ.

ದಂತದ ಗೊಂಬೆ ನೋಡಿದೆ. ಲಕ್ಷ್ಮಿಯೋ ಯಕ್ಷಿಯೋ, ಅಷ್ಟು ದೂರ ಬಂದು ಬೂದಿಯಲ್ಲಿ ಹೂತುಹೋಗಿ ಈಗ ಆ ಕೋಣೆಯಲ್ಲಿ ನಿಂತಿದ್ದಾಳೆ. ಬೆನ್ನಿನ ಕಡೆ ಜಡೆ ಹೆಣೆದಿರುವುದನ್ನು ನೋಡಲು ಮರೆಯಬೇಡಿ.

ಹರ್ಕ್ಯುಲೇನಿಯಂ ಬಗ್ಗೆ ನೆಂಟರು ಹೇಳಿದ್ದು ನೂರಕ್ಕೆ ನೂರು ನಿಜ. ಉಳಿದಿರುವ ರೀತಿ ನೋಡಿದರೆ ಅದೇ ಮೇಲು. ಆದರೂ ನನ್ನ ಓಟು ಪಾಂಪೆಗೆ. ಒಂದು ಊರಿನಲ್ಲಿ ದಾರಿ ತಪ್ಪಿ ಸುತ್ತುವಷ್ಟು ಜಾಗ ಬೇಕು, ಅದು ಅಲ್ಲಿ ಇದೆ. ಓಸ್ಟಿಯಾಗೆ ಸಮಯ ಆಗಲಿಲ್ಲ, ಅಲೆಮಾರಿಯವರೇ, ಬೇಜಾರು ಮಾಡಿಕೊಳ್ಳಬೇಡಿ.

ಹೊಸ ಸದಸ್ಯ

ಈ ಚರ್ಚೆ ಓದಿ ನಾವೂ ಟಿಕೆಟ್ ಮಾಡಿಸಿದೆವು. ಮಕ್ಕಳಿಬ್ಬರು, ಒಬ್ಬನಿಗೆ ಹತ್ತು, ಒಬ್ಬಳಿಗೆ ಹದಿನಾಲ್ಕು. ಪಾಂಪೆ ಜೊತೆಗೆ ಅದೇ ದಿನ ವೆಸೂವಿಯಸ್ ಹತ್ತಬಹುದಾ? ಮಗ ಜ್ವಾಲಾಮುಖಿ ನೋಡದೆ ಬರುವುದಿಲ್ಲ ಅಂತ ಹಟ ಹಿಡಿದಿದ್ದಾನೆ.

ನೇಪಲ್ಸ್ ನೆಂಟ

ಹದಿನೆಂಟರ ಒಳಗಿನವರಿಗೆ ಪಾಂಪೆಯಲ್ಲಿ ಟಿಕೆಟ್ ದುಡ್ಡಿಲ್ಲ, ಆದರೆ ಅವರ ಹೆಸರಲ್ಲೂ ಟಿಕೆಟ್ ತಗೊಳ್ಳಬೇಕು, ಪಾಸ್‌ಪೋರ್ಟ್ ಇರಲಿ.

ವೆಸೂವಿಯಸ್ 1,281 ಮೀಟರ್. ಬಸ್ಸು ಸಾವಿರ ಮೀಟರ್ ತನಕ ಕರೆದುಕೊಂಡು ಹೋಗುತ್ತದೆ, ಅಲ್ಲಿಂದ ಜಲ್ಲಿ ದಾರಿಯಲ್ಲಿ ಅರ್ಧ ಗಂಟೆ ಏರು. ಟಿಕೆಟ್ ಆನ್‌ಲೈನಿನಲ್ಲೇ ಮಾಡಿಸಿ, ಮೇಲೆ ಹೋದ ಮೇಲೆ ಸಿಗುವುದಿಲ್ಲ, ಮೊಬೈಲ್ ನೆಟ್‌ವರ್ಕೂ ಸರಿ ಇರುವುದಿಲ್ಲ. ಕೊನೆಯ ಸಲ ಸಿಡಿದದ್ದು 1944ರಲ್ಲಿ, ಈಗ ಬಾಯಲ್ಲಿ ಅಲ್ಲಲ್ಲಿ ಸ್ವಲ್ಪ ಹಬೆ ಕಾಣಬಹುದು ಅಷ್ಟೇ, ಕೆಂಪು ಲಾವಾ ಕಾಣುತ್ತದೆ ಅಂತ ಮಗನಿಗೆ ಆಸೆ ಹುಟ್ಟಿಸಬೇಡಿ. ಅದೇ ದಿನ ಎರಡೂ ಬೇಡ. ಬೆಟ್ಟಕ್ಕೆ ಹೋದ ದಿನ ಕೆಳಗೆ ಬಂದು ಹರ್ಕ್ಯುಲೇನಿಯಂ ನೋಡಿ, ಬಸ್ಸು ಎರ್ಕೊಲಾನೊದಿಂದಲೇ ಹೊರಡುತ್ತದೆ. ಪಾಂಪೆಗೆ ಬೇರೆ ದಿನ ಇಡಿ.